ಹನ್ನೊಂದನೆಯ ಜಯವರ್ಮ

ಸೋಮವಾರ ಮುಂಜಾನೆ ಗ್ರಂಥಪಾಲಕಿ ಮುಮ್ತಾಜ ಗಾಜಿನ ಕೋಣೆಯ ಬಾಗಿಲು ತೆರೆದು ನೋಡಿದರೆ, ಅಕ್ಕಾವ್ರು ಇಲ್ಲ!

ಮೇಜು ಇದೆ. ಕುರ್ಚಿ ಇದೆ. ಗೋಡೆಯ ಪ್ಲಗ್ಗೂ ಇದ್ದಲ್ಲೇ ಇದೆ. ಅಕ್ಕಾವ್ರು ಮಾತ್ರ ವೈರು ಸಮೇತ ಮಾಯ.

ಅಕ್ಕಾವ್ರೆಂದರೆ ಮನುಷ್ಯರಲ್ಲ, ಯಂತ್ರ. ಕೆಳಗೆ ಪುಸ್ತಕ ಬಿಚ್ಚಿಟ್ಟರೆ ಗಟ್ಟಿಯಾಗಿ ಓದಿ ಹೇಳುತ್ತದೆ. ನಿಂತಾಗ ಟೇಬಲ್ ದೀಪದಷ್ಟು, ಮಡಚಿದರೆ ರೊಟ್ಟಿ ಡಬ್ಬಿಯಷ್ಟು. ಹೆಣ್ಣುದನಿ, ಅದೂ ಸಾಲಿಯಲ್ಲಿ ಬೆತ್ತ ಹಿಡಿದವರ ದನಿ. ಹಾಗಾಗಿ ಸಿಂದಗಿಯ ಆ ಡಿಗ್ರಿ ಕಾಲೇಜಿನ ಹುಡುಗರು, ಸಾಲಿಯ ಟೀಚರಮ್ಮನನ್ನು ಕರೆಯುವಂತೆ, ‘ಅಕ್ಕಾವ್ರು’ ಎಂದು ಹೆಸರಿಟ್ಟಿದ್ದರು. ಅಕ್ಕಾವ್ರಿಗೂ ದೋಷಗಳಿದ್ದವು. ಪುಟದ ಸಂಖ್ಯೆಯನ್ನು ವಾಕ್ಯದ ನಡುವೆ ತೂರಿಸುವರು. ಪುಲಕೇಶಿಯ ಮುಂದೆ ‘ಎರಡನೆಯ’ ಎಂಬುದಕ್ಕೆ ರೋಮನ್ ಅಂಕಿಯಲ್ಲಿ ಎರಡು ಗೀಟು ಹಾಕಿದ್ದರೆ ‘ಪುಲಕೇಶಿ ಹನ್ನೊಂದು’ ಎಂದು ಓದುವರು. ಪೂರ್ಣವಿರಾಮ ಅಳಿಸಿದ್ದರೆ ಉಸಿರು ಕಟ್ಟಿ ಸಾಯುವವರ ಹಾಗೆ ಓದುವರು. ಆದರೂ ಕಣ್ಣಿಲ್ಲದ ಸಂಘಮಿತ್ರಾಳಂಥ ಹುಡುಗಿಗೆ ಅಕ್ಕಾವ್ರೇ ಕಣ್ಣು.

ಯಂತ್ರ ಸಿಂದಗಿಯದೊಂದೇ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂರಿನ ಕಾಲೇಜುಗಳು ಕೂಟ ಕಟ್ಟಿಕೊಂಡು ತಮ್ಮ ಗ್ರಂಥಾಲಯಗಳನ್ನು ಒಂದು ಮಾಡಿಕೊಂಡಿದ್ದವು. ಒಂದೂರಿನ ಪುಸ್ತಕ ಇನ್ನೊಂದೂರಿಗೆ ಗಾಡಿಯಲ್ಲಿ ಹೋಗುತ್ತಿತ್ತು. ಅಕ್ಕಾವ್ರು ಊರಿಗೊಂದು ತಿಂಗಳು ಮುಕ್ಕಾಂ. ಈ ಕೂಟಕ್ಕಾಗಿ ಎರಡು ವರ್ಷ ನಾಲ್ಕೂರಿನ ಬಸ್ಸು ಸವೆಸಿದವಳು ಮುಮ್ತಾಜ. ಕತ್ತಲೆ ಕಪಾಟುಗಳನ್ನು ಸರಿಸಿ ಗಾಜಿನ ಓದುಕೋಣೆ ಮಾಡಿಸಿದವಳೂ ಆಕೆಯೇ. ಬಾಗಿಲಲ್ಲಿ ಒಂದು ಗೇಟು ಕೂಡಿಸಿದ್ದಳು. ಪುಸ್ತಕದೊಳಗೆ ಅಂಟಿಸಿದ ಬಿಲ್ಲೆ ಕಂಡರೆ ಅದು ಕಿರುಚುತ್ತದೆ. ಒಮ್ಮೆ ಪ್ರಿನ್ಸಿಪಾಲರ ಬೆಳ್ಳಿ ಉಡದಾರಕ್ಕೂ ಕಿರುಚಿತ್ತೆಂದು ಹೇಳುತ್ತಾರೆ, ಪ್ರಿನ್ಸಿಪಾಲರು ಒಪ್ಪುವುದಿಲ್ಲ. ಆದರೆ ಎಲ್ಲ ಪುಸ್ತಕಕ್ಕೂ ಬಿಲ್ಲೆ ಅಂಟಿಸಿದವರು ಯಂತ್ರಕ್ಕೊಂದು ಅಂಟಿಸಲು ಮರೆತಿದ್ದರು.

ಪ್ರಿನ್ಸಿಪಾಲ ರೇವಪ್ಪನವರು ಖಾಲಿ ಮೇಜನ್ನು ಸುತ್ತು ಹಾಕಿದರು.

“ಮೇಡಮ್, ಶುಕ್ರವಾರ ಯಂತ್ರ ಮುದ್ದೇಬಿಹಾಳಕ್ಕ ಹೋಗಬೇಕು. ಕರಾರು ನೀವ ಬರದೀರಿ. ಕಳಕೊಂಡ ಕಾಲೇಜು ಕೂಟದಿಂದ ಹೊರಗ.”

“ಗೊತ್ತೈತ್ರಿ ಸರ.”

“ಕಾಲೇಜು ಕೂಟದಿಂದ ಹೊರಗ ಬಿದ್ರ, ನೀವು ಕಾಲೇಜಿಂದ ಹೊರಗ. ಅದೂ ಗೊತ್ತಿರಲಿ.”

ಮಂಗಳವಾರ ಕೂಟದವರು ಇಂಡಿಯಿಂದ ಒಬ್ಬರನ್ನು ಕಳಿಸಿದರು. ಹೆಸರು ಯಲ್ಲಾಲಿಂಗ, ನಿವೃತ್ತ ಪೊಲೀಸ್ ಫೌಜದಾರರು. ಬಸ್ಸಿಳಿದವರೇ ಮುಮ್ತಾಜಳಿಗೆ ತಮ್ಮ ಪರಿಚಯ ಹೇಳಿಕೊಂಡರು.

“ಇಂಡ್ಯಾಗ ಒಮ್ಮೆ ಲಿಂಬಿಹಣ್ಣಿನ ತೋಟ ರಾತ್ರೋರಾತ್ರಿ ಬೋಳಾತು, ತಂಗಿ. ನಾ ಏನ ಮಾಡಿದೆ? ಇಡೀ ಊರಿಗೆ ಹಾಲು ಕುಡಿಸಿದೆ. ಯಾರ ಬಾಯಾಗ ಹಾಲು ಒಡೀತು, ಅಂವನ್ನ ಹಿಡದೆ.”

ಮುಖದಲ್ಲಿ ನಗೆಯ ಸುಳಿವಿಲ್ಲ. ನನ್ನ ನೌಕರಿ ಇವರ ಕೈಯಲ್ಲಿದೆಯಲ್ಲಾ ಎಂದುಕೊಂಡಳು ಮುಮ್ತಾಜ.

ಮೊದಲು ಕ್ಯಾಮೆರಾ ನೋಡಿದರು. ಪರದೆಯ ತುಂಬ ಚಪ್ಪಲಿ! ಹವಾಯಿ, ಕೊಲ್ಹಾಪುರಿ, ಹರಿದವು, ಹೊಲಿದವು. ಮನುಷ್ಯರೆಂದರೆ ಮೊಣಕಾಲಿನಿಂದ ಕೆಳಗೆ ಮಾತ್ರ. ಹೊಸ ಗ್ರಂಥಾಲಯದೊಳಗೆ ಚಪ್ಪಲಿ ಹಾಕಿಕೊಂಡೇ ಬರಬಹುದೆಂದು ಬೋರ್ಡು ತೂಗಿಹಾಕಿದ್ದರು. ಆ ಬೋರ್ಡಿನ ಕೆಳಗೇ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಸರಸ್ವತಿ ಇರುವಲ್ಲಿ ಬೋರ್ಡಿನ ಮಾತು ಯಾರು ಕೇಳುತ್ತಾರೆ?

ಫೌಜದಾರರು ಕಾಲೇಜಿನ ಸಿಪಾಯಿ ಮಾನಪ್ಪನನ್ನು ಕರೆದರು.

“ಕ್ಯಾಮೆರಾ ಗಾಜಿನ ಕೋಣಿ ಕಡೆ ಇತ್ತಂತಲ್ಲ. ಚಪ್ಪಲಿ ಕಡೆ ಯಾರು ತಿರುಗಿಸಿದ್ರು?”

“ನಾನರೀ.”

“ಯಾಕ?”

“ಸಾಹೇಬ್ರ, ಈ ಕಾಲೇಜಿನ್ಯಾಗ ಪುಸ್ತಕ ಕದ್ದಾಂವ ಒಬ್ಬಾಂವನೂ ಇಲ್ಲ. ಒಯ್ಯೋ ತಮ್ಮಾ ಅಂತ ಕೈಯಾಗ ಕೊಟ್ರೂ ಒಯ್ಯೂದಿಲ್ಲ. ಚಪ್ಪಲಿ? ವಾರವಾರ ಹಾರತಾವ. ನನ್ನವ ಮೂರು ಜೋಡಿ ಹೋಗ್ಯಾವ. ಕಳವು ಎಲ್ಲಿ ಐತಿ, ಕ್ಯಾಮೆರಾ ಅಲ್ಲಿರಬೇಕೋ ಬ್ಯಾಡೋ?”

“ಇರಬೇಕು,” ಎಂದರು ಫೌಜದಾರರು ಗಂಭೀರವಾಗಿ. “ಕೀಲಿ ಯಾರ ಕಡೆ ಇರತೈತಿ?”

“ನನ್ನ ಕಡೆ. ಕೀಲಿ ಮುರದಿಲ್ರಿ. ಒಯ್ದಾಂವ ಶನಿವಾರ ಹಗಲ್ಹೊತ್ತಿನ್ಯಾಗ ನಮ್ಮ ಮುಂದ ಹೊತಗೊಂಡು ಹೋಗ್ಯಾನ.”

ಆಮೇಲೆ ಗಾಡಿಯ ಡ್ರೈವರ್ ಫಯಾಜ. ಶನಿವಾರ ಬಂದು ಪುಸ್ತಕದ ಚೀಲಗಳನ್ನು ಹೇರಿಕೊಂಡು ಹೋದವನು ಅವನೇ. ಹಣೆಯ ಬೆವರನ್ನು ಮತ್ತೆ ಮತ್ತೆ ಒರೆಸಿಕೊಂಡ.

“ಬಾಗೇವಾಡಿ ಮುಟ್ಟಾಕ ತಡಾ ಯಾಕಾತು?”

“ಇಂಗಳೇಶ್ವರದ ಹತ್ರ ಪಂಚರ್ರಿ.”

“ಅಕ್ಕಾವ್ರು ಗಾಡ್ಯಾಗ ಇದ್ದಿಲ್ಲೇನು?”

“ಅಲ್ರೀ ಸಾಹೇಬ್ರ, ಅದನ್ನ ಕದ್ದು ನಾ ಏನ ಮಾಡ್ಲಿ? ಮನ್ಯಾಗ ಮೊದ್ಲ ಒಬ್ಬಾಕಿ ದನಿ ಐತಿ, ಅದ ಸಾಕಾಗೇತಿ. ಸಂತ್ಯಾಗ ಇಟ್ರ ಯಾರು ಕೊಳ್ತಾರ? ಕಣ್ಣಿದ್ದಾವ್ರಿಗೆ ಅದು ಬ್ಯಾಡ.”

ಫೌಜದಾರರು ಹುಬ್ಬು ಹಾರಿಸಿದರು. “ಇನ್ನೊಮ್ಮೆ ಹೇಳು.”

“ಕಣ್ಣಿದ್ದಾವ್ರಿಗೆ ಬ್ಯಾಡಂದ್ನಿರಿ.”

“ನೀ ಹೋಗಪಾ.”

ಮುಮ್ತಾಜಳಿಗೆ ದಿಗಿಲಾಯಿತು. ಕಣ್ಣಿಲ್ಲದವಳು ಈ ಕಾಲೇಜಿನಲ್ಲಿ ಒಬ್ಬಳೇ. ಶನಿವಾರ ಕೊನೆಗೆ ಅಕ್ಕಾವ್ರ ಮುಂದೆ ಕೂತವಳೂ ಅವಳೇ.

ಸಂಘಮಿತ್ರಾ ಬಂದಳು. ಬಿಎ ಕೊನೆಯ ವರ್ಷ. ಪರೀಕ್ಷೆ ಹತ್ತಿರ.

“ಶನಿವಾರ ಮಧ್ಯಾಹ್ನ ಓದಿಸಿಕೊಂಡು ಎದ್ದು ಹೋದೆರಿ. ಆಮ್ಯಾಲ ಗೊತ್ತಿಲ್ಲ.”

“ಯಾರು ಒಯ್ದಿರಬೇಕು ಅಂತ ಏನರ ಅನಮಾನ?”

ಹುಡುಗಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಗೊತ್ತಿಲ್ರಿ.”

“ಗೊತ್ತಿಲ್ಲ ಅನ್ನಾಕ ಇಷ್ಟೊತ್ತು ಯಾಕವ್ವಾ?”

ಅವಳು ಎದ್ದಳು. ಹೊರಗೆ ಹೋಗಿ ಚೀಲದಿಂದ ಚಪ್ಪಲಿ ತೆಗೆದು ಹಾಕಿಕೊಂಡಳು. ಅವಳದು ಯಾವಾಗಲೂ ಹಾಗೆಯೇ. ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂದು ಮೊದಲ ಸಲ ಮುಮ್ತಾಜಳಿಗೂ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಉಳಿದವರು ಇತಿಹಾಸದ ಪ್ರಾಧ್ಯಾಪಕ ಬಸಂತರಾಯರು. ಗಾಜಿನ ಕೋಣೆಗೆ ಮೊದಲ ದಿನದಿಂದ ವಿರೋಧ. ಕಾಲೇಜಿನ ಹೆಮ್ಮೆಯ ಮನುಷ್ಯ. ತರಗತಿಯಲ್ಲಿ ಎಂದೂ ಪುಸ್ತಕ ಬಿಚ್ಚಿದವರಲ್ಲ, ಎಲ್ಲ ಬಾಯಿಪಾಠ. ಕೈಯಲ್ಲಿ ಸದಾ ಒಂದು ಛತ್ರಿ. ಸಿಂದಗಿಯ ಬಿಸಿಲಿಗೆ ಛತ್ರಿ ಇರುವುದು ದೊಡ್ಡ ಮಾತಲ್ಲ. ಬಸಂತರಾಯರು ಅದನ್ನು ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ.

“ನಮಸ್ಕಾರ್ರಿ ಸರ,” ಎಂದು ಫೌಜದಾರರು ಕೈ ಚಾಚಿದರು. ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಏನು ಸೊಕ್ಕು ಎಂದುಕೊಂಡಳು ಮುಮ್ತಾಜ.

“ನಿಮಗ ಆ ಕೋಣಿ ಸೇರೂದಿಲ್ಲಂತ?”

“ಓದೂದು ಖಾಸಗಿ ಕೆಲಸ. ಹೊರಗ ನಿಂತವರೆಲ್ಲ ನೋಡಾಕ ಅದೇನು ಮಿಠಾಯಿ ಅಂಗಡ್ಯಾ?”

“ಯಂತ್ರ?”

“ನನಗ್ಯಾಕ ಯಂತ್ರ? ನಾನ ಯಂತ್ರ. ಕೀಲಿ ಕೊಟ್ರ ಒಂದು ತಾಸು ನಡೀತೇನಿ.”

“ಶನಿವಾರ ಲೈಬ್ರರಿಗೆ ಬಂದಿದ್ರೇನು?”

“ದಿನಾ ಬರತೇನಿ. ನನ್ನ ಮ್ಯಾಲೆ ಅನಮಾನ?”

“ನನಗ ನನ್ನ ಮ್ಯಾಲೂ ಅನಮಾನ ಐತ್ರಿ. ಉದ್ಯೋಗ ಹಂಗ.”

ಬುಧವಾರ ಫೌಜದಾರರು ಮತ್ತೆ ಮತ್ತೆ ಅದೇ ಚಪ್ಪಲಿಗಳನ್ನು ನೋಡಿದರು. ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇನ್ನೊಮ್ಮೆ ನೋಡಿ ಅಡಿಕೆ ಬಾಯಿಗೆ ಹಾಕಿಕೊಂಡರು.

“ಏನ್ ಸಿಕ್ತ್ರಿ?” ಎಂದಳು ಮುಮ್ತಾಜ.

“ಬೆರಳು.”

“ಬೆರಳಚ್ಚಾ?”

“ಬರೇ ಬೆರಳು.”

ಇಬ್ಬರೂ ಚಹಾಕ್ಕೆಂದು ಹೊರಟರು. ಬಿಎ ತರಗತಿಯ ಕಿಟಕಿಯಿಂದ ಬಸಂತರಾಯರ ದನಿ ಕಂಚಿನ ಗಂಟೆಯಂತೆ ಬರುತ್ತಿತ್ತು. ಈ ವರ್ಷ ಸಿಲೆಬಸ್ ಬದಲಾಗಿ ಆಗ್ನೇಯ ಏಷ್ಯಾದ ಇತಿಹಾಸ ಹೊಸದಾಗಿ ಬಂದಿತ್ತು. ಅವರು ಅದನ್ನು ಇದೇ ಸೋಮವಾರ ಎತ್ತಿಕೊಂಡು, ಈಗ ಮತ್ತೊಮ್ಮೆ ಬರೆಸುತ್ತಿದ್ದರು. “ಕಾಂಬೋಜ ಸಾಮ್ರಾಜ್ಯಕ್ಕೆ ಅಡಿಪಾಯ ಹಾಕಿದವನು ಹನ್ನೊಂದನೆಯ ಜಯವರ್ಮ. ಬರ್ಕೊಳ್ರಿ, ಹನ್ನೊಂದನೆಯ.” ಹುಡುಗರು ಬರೆದುಕೊಂಡರು. ಫೌಜದಾರರು ಕಿಟಕಿಯ ಕೆಳಗೆ ನಿಂತು ಚಪ್ಪಲಿಯಲ್ಲಿ ಸಿಕ್ಕ ಹರಳನ್ನು ತೆಗೆದರು. ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಚಹಾ ಬಿಟ್ಟು ಲೈಬ್ರರಿಗೆ ವಾಪಸು ನಡೆದರು.

“ತಂಗಿ, ಆ ಹೊಸ ಇತಿಹಾಸದ ಪುಸ್ತಕ ಒಂದೀಟು ತೋರ್ಸು.”

ಗುರುವಾರ ಮಧ್ಯಾಹ್ನ ಎಲ್ಲರನ್ನೂ ಗಾಜಿನ ಕೋಣೆಗೆ ಕರೆಸಿದರು. ಹೊರಗೆ ಚಪ್ಪಲಿ, ಒಳಗೆ ಅನುಮಾನ. ಮಾನಪ್ಪ ಫಯಾಜನನ್ನು ನೋಡಿದ. ಫಯಾಜ ಮಾನಪ್ಪನನ್ನು ನೋಡಿದ. ಪ್ರಿನ್ಸಿಪಾಲರು ಮುಮ್ತಾಜಳನ್ನು ನೋಡಿದರು.

“ಕಳ್ಳ ಎರಡು ನಮೂನಿ,” ಎಂದು ಶುರು ಮಾಡಿದರು ಫೌಜದಾರರು. “ಮಾರಾಕ ಕದಿಯಾಂವ, ಬೇಕಾಗಿ ಕದಿಯಾಂವ. ಇದನ್ನ ಮಾರಾಕ ಆಗೂದಿಲ್ಲ, ಫಯಾಜ ಹೇಳ್ಯಾನ. ಅಂದ್ರ ಬೇಕಾದವ್ರ ಒಯ್ದಾರ. ಯಾರಿಗೆ ಬೇಕು? ಕಣ್ಣು ಕಾಣದವ್ರಿಗೆ.”

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

“ನಾ ಮೊದ್ಲ ಅಂದಿದ್ದೆ!” ಪ್ರಿನ್ಸಿಪಾಲರು ಮೇಜು ಬಡಿದರು. ಅವರು ಮೊದಲು ಏನೂ ಅಂದಿರಲಿಲ್ಲ. “ಏ ಹುಡುಗಿ, ಎಲ್ಲಿ ಇಟ್ಟೀದಿ?”

“ಸರ, ಆಕಿ ಅಲ್ಲ…” ಮುಮ್ತಾಜ ಎದ್ದು ನಿಂತಳು.

ಸಂಘಮಿತ್ರಾ ತಲೆ ತಗ್ಗಿಸಿದಳು. “ನಾನ ಒಯ್ದೇನಿ ಅಂತ ಬರ್ಕೊಳ್ರಿ,” ಎಂದಳು ಮೆಲ್ಲಗೆ.

“ಬರ್ಕೊಳ್ರಿ ಅಂತೀಯೋ, ಒಯ್ದೇನಿ ಅಂತೀಯೋ?” ಎಂದರು ಫೌಜದಾರರು. “ಎರಡರಾಗ ಫರಕ್ ಐತಿ. ಪ್ರಿನ್ಸಿಪಾಲ್ರ, ಕ್ಯಾಮೆರಾದಾಗ ಶನಿವಾರ ಎಲ್ಲರೂ ಚಪ್ಪಲಿ ಹೆಂಗ ಹುಡುಕ್ಯಾರ? ಕಣ್ಣಿಲೆ. ಬಗ್ಗಿ ನೋಡಿ ಸೀದಾ ಕಾಲು ತೂರಸ್ಯಾರ. ಒಂದ ಜೋಡಿ ಕಾಲು ಬೆರಳಿಲೆ ಹುಡುಕ್ಯಾವ. ಒಂದೊಂದು ಚಪ್ಪಲಿ ಮುಟ್ಟಿ, ಇದಲ್ಲ, ಇದಲ್ಲ, ಹಾಂ ಇದು. ಮಗ್ಗಲಕ್ಕ ಒಂದು ತುಂಬಿದ ಕೈಚೀಲ. ಈ ಹುಡುಗಿ ಚಪ್ಪಲಿ ಎಂದರ ಅಲ್ಲಿ ಬಿಟ್ಟಾಳೇನು? ಚೀಲದಾಗ ಇಟ್ಕೋತಾಳ. ಮ್ಯಾಲ ಆ ಕಾಲು ಗಂಡಸಿನವು.”

ಎಲ್ಲರೂ ತಂತಮ್ಮ ಕಾಲು ನೋಡಿಕೊಂಡರು.

“ಬೆರಳು ನೋಡಿ ಕಳ್ಳ ಅನ್ನಾಕ ಬರೂದಿಲ್ಲ. ಆದ್ರ ಯಂತ್ರದ ಜೋಡಿ ಅದರ ತಪ್ಪೂ ಕಳವಾಗಿತ್ತು, ಅದಕ್ಕ ಯಾರೂ ಲಕ್ಷ್ಯ ಕೊಡಲಿಲ್ಲ. ಎರಡು ಗೀಟು ಕಂಡ್ರ ಅಕ್ಕಾವ್ರು ಏನಂತಾರ, ತಂಗಿ?”

“ಹನ್ನೊಂದು…” ಎಂದ ಮುಮ್ತಾಜಳ ಬಾಯಿ ಹಾಗೆಯೇ ತೆರೆದುಕೊಂಡಿತು. ನಿನ್ನೆಯ ಕಿಟಕಿ. ಕಂಚಿನ ದನಿ.

“ಹೊಸ ಪುಸ್ತಕದಾಗ ಜಯವರ್ಮನ ಮುಂದ ಎರಡು ಗೀಟು ಅದಾವ. ಕಣ್ಣಿಲೆ ಓದಿದಾಂವ ಎರಡನೆಯ ಅಂತಾನ. ಅಕ್ಕಾವ್ರ ಬಾಯಿಲೆ ಕೇಳಿದಾಂವ ಮಾತ್ರ ಹನ್ನೊಂದನೆಯ ಅಂತಾನ. ಈ ಹುಡುಗಿ ಅದನ್ನ ಸೋಮವಾರದ ತಾಸಿನ್ಯಾಗ ಕೇಳಿ ತಿಳಕೊಂಡ್ಲು. ತಿಳಕೊಂಡು ಬಾಯಿ ಮುಚ್ಚಿಕೊಂಡ್ಲು.” ಫೌಜದಾರರು ತಿರುಗಿದರು. “ಬಸಂತರಾಯ ಸರ, ನಾ ಮಂಗಳವಾರ ಕೈ ಚಾಚಿದ್ದೆ. ನಿಮಗ ಕಾಣಲಿಲ್ಲ. ಅಲ್ಲಾ?”

ಛತ್ರಿಯ ಮೊನೆ ನೆಲಕ್ಕೆ ತಾಗಿ ಟಕ್ಕೆಂದಿತು. ಬಸಂತರಾಯರು ಎದ್ದು ನಿಂತರು.

“ನಾನ ಒಯ್ದೇನಿ,” ಎಂದರು. “ಮೂರು ವರ್ಷದಿಂದ ಮಬ್ಬು. ಈಗ ಅದೂ ಇಲ್ಲ. ಹಳೇ ಪಾಠ ಬಾಯಾಗಿದ್ದವು, ನಡೀತು. ಸಂಜಿಕ ಮಗಳು ಪುಸ್ತಕ ಓದತಿದ್ಲು, ಆಕಿ ಗಂಡನ ಮನಿ ನಿಡಗುಂದಿ ಸೇರಿದ್ಲು. ಅದ ಹೊತ್ತಿಗೆ ಸಿಲೆಬಸ್ ಬದಲಾತು. ಈ ಕೋಣ್ಯಾಗ ಕುಂತು ಕೇಳ್ಲೇನು? ನಾಕೂ ಕಡೆ ಗಾಜು! ಬಸಂತರಾಯ ಕುರುಡಾದ ಅಂತ ಊರ ತುಂಬ ಆಗತಿತ್ತು. ನೌಕರಿ ಹೋಗತಿತ್ತು.”

“ಆದ್ರೂ ಹನ್ನೊಂದನೆಯ ಅಂದಾಗ ಅನಮಾನ ಬರಲಿಲ್ಲೇನ್ರಿ?” ಎಂದರು ಫೌಜದಾರರು, ನಿಜವಾದ ಕುತೂಹಲದಿಂದ.

“ಬಂತು. ಕಾಂಬೋಜದಾಗ ರಾಜರು ಭಾಳ ಇದ್ದಿರಬೇಕು ಅಂದ್ಕೊಂಡೆ.”

ಮುಮ್ತಾಜಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ನಾಲ್ಕು ದಿನದಿಂದ ನಿದ್ದೆಯಿಲ್ಲದ ಸಿಟ್ಟು.

“ಸರ, ನನ್ನ ನೌಕರಿ ಹೋಗತಿತ್ತು, ಅದು ಗೊತ್ತಿದ್ದಿಲ್ಲೇನು? ಈ ಹುಡುಗಿ ಪರೀಕ್ಷಾ? ಕಣ್ಣು ಹೋತಂತ ನೌಕರಿಯಿಂದ ತಗ್ಯಾಕ ಬರೂದಿಲ್ಲ, ಹಂಗ ಕಾಯ್ದಿ ಐತಿ. ಅದರ ಪುಸ್ತಕ ಇದ ಲೈಬ್ರರ್ಯಾಗ ಐತಿ. ನೀವು ಓದಲಿಲ್ಲ.”

“ಓದಾಕ ಕಣ್ಣೆಲ್ಲಿತ್ತು, ಮೇಡಮ್?”

ಮುಮ್ತಾಜ ಸುತ್ತಲಿನ ಗಾಜನ್ನು ನೋಡಿದಳು. ತಾನು ಗಾಜು ಹಾಕಿಸುವಾಗ ಬೆಳಕನ್ನಷ್ಟೇ ಲೆಕ್ಕ ಹಿಡಿದಿದ್ದೆ ಎಂಬುದು ಈಗ ಹೊಳೆಯಿತು.

“ವರದ್ಯಾಗ ಏನ ಬರೀತೀರಿ?” ಪ್ರಿನ್ಸಿಪಾಲರು ಫೌಜದಾರರನ್ನು ಕೇಳಿದರು.

“ಇದು ಲೈಬ್ರರಿ ಅಲ್ಲೇನ್ರಿ? ಓದುಗರೊಬ್ರು ಹೆಸರು ಬರಸದ ಮನಿಗೆ ಒಯ್ದಿದ್ರು, ತಡಾ ಮಾಡಿ ತಂದು ಕೊಟ್ರು. ದಂಡ ಹಾಕ್ರಿ.”

ಶುಕ್ರವಾರ ಮುಂಜಾನೆ ಅಕ್ಕಾವ್ರು ಮೇಜಿನ ಮೇಲೆ ಹಾಜರಾದರು. ಫಯಾಜನ ಗಾಡಿ ಬರಲು ಇನ್ನೂ ಹೊತ್ತಿತ್ತು. ಬಸಂತರಾಯರು ಛತ್ರಿ ತಟ್ಟುತ್ತ, ತಟ್ಟುವುದನ್ನು ಮುಚ್ಚಿಡದೆ, ಗಾಜಿನ ಕೋಣೆಗೆ ಬಂದರು. ಕೂತರು. ಪುಸ್ತಕ ಬಿಚ್ಚಿಟ್ಟರು. ಹೊರಗೆ ಅವರ ಇಡೀ ತರಗತಿ ಗಾಜಿಗೆ ಮೂಗು ಒತ್ತಿ ನಿಂತಿತ್ತು. ದನಿ ಸಣ್ಣದು ಮಾಡಲೇ ಎಂದಳು ಮುಮ್ತಾಜ.

“ಬ್ಯಾಡ್ರಿ. ದೊಡ್ಡದು ಮಾಡ್ರಿ.”

“ಜಯವರ್ಮ ಹನ್ನೊಂದು,” ಎಂದರು ಅಕ್ಕಾವ್ರು.

“ಎರಡನೆಯ, ಅಕ್ಕಾವ್ರ, ಎರಡನೆಯ!” ಎಂದು ಬಸಂತರಾಯರು ಗುಡುಗಿದರು. ಗಾಜಿನಾಚೆ ಹುಡುಗರು ತಮ್ಮ ತಮ್ಮ ನೋಟ್ಸಿನಲ್ಲಿ ಹೊಡೆದುಹಾಕುವ ಸದ್ದು ಒಳಗಿನವರೆಗೂ ಕೇಳಿಸಿತು.

“ಸರ, ಗಾಡಿ ಹೋದ ಮ್ಯಾಲೆ ಇವ್ರೆಲ್ಲ ಸರದಿ ಪ್ರಕಾರ ನಮ್ಮಿಬ್ರಿಗೂ ಓದ್ತಾರಂತ್ರಿ,” ಎಂದಳು ಸಂಘಮಿತ್ರಾ. “ಇಲ್ಲೇ. ನೋಡುವವ್ರು ನೋಡ್ಲಿ.”

ಫೌಜದಾರರು ತೃಪ್ತಿಯಿಂದ ಹೊರಗೆ ಬಂದರು. ಬೋರ್ಡಿನ ಕೆಳಗೆ ನೋಡಿದರು. ಬಗ್ಗಿ ನೋಡಿದರು. ಕೊನೆಗೆ ಕಾಲ್ಬೆರಳಿನಿಂದಲೂ ಹುಡುಕಿದರು.

“ಮಾನಪ್ಪಾ, ನನ್ನ ಚಪ್ಪಲಿ ಎಲ್ಲಿ?”

ಮಾನಪ್ಪ ತಲೆ ಕೆರೆದುಕೊಂಡ. “ಹಾರ್ಯಾವ್ ಕಾಣ್ತೈತ್ರಿ ಸಾಹೇಬ್ರ.”

“ಕ್ಯಾಮೆರಾ ನೋಡು!”

“ನೋಡಾಕ ಏನೂ ಇಲ್ರಿ. ನಿನ್ನೆ ನೀವ ಅದನ್ನ ಗಾಜಿನ ಕೋಣಿ ಕಡೆ ತಿರುಗಿಸಂದ್ರಿ.”