ಹಾಡು ನಿಂತ ಹುಲ್ಲು

ಮುಸ್ಸಂಜೆ. ಇಗರ್ಜಿಯ ಹಿಂದಿನ ಹುಲ್ಲಿನಲ್ಲಿ ಲೆಕ್ಕವಿಲ್ಲದಷ್ಟು ಜೀರುಂಡೆಗಳು ರೆಕ್ಕೆ ಉಜ್ಜುತ್ತಿದ್ದವು. ಒಂದಿಷ್ಟೂ ಸದ್ದಿಲ್ಲ...

ನೋಹೆಯಾ ಟಾರ್ಚ್ ಹಿಡಿದು ಮಂಡಿಯೂರಿದ್ದಳು. ಕವಾಯಿ ದ್ವೀಪದ ಈ ಜೀರುಂಡೆಗಳ ಸಂಶೋಧನೆಗೆ ಇಳಿದು ವರ್ಷಗಳಾಗಿದ್ದರೂ ಆ ಮೌನಕ್ಕೆ ಅವಳ ಮೈ ಇನ್ನೂ ಜುಮ್ಮೆನ್ನುತ್ತಿತ್ತು.

ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಯಿತು.

ತಿರುಗಿದರೆ, ಮಕೋವಾ! ಹೇಳದೆ ಕೇಳದೆ ಓವಾಹು ದ್ವೀಪಕ್ಕೆ ಹೊರಟುಹೋಗಿದ್ದ ಅವಳ ಮಕೋವಾ.

"ದೆವ್ವದ ಹಾಗೆ ನಿಂತಿದ್ದೀಯಲ್ಲ. ಯಾಕ್ ಬಂದೆ?"

"ಒಂದು ಮಾತು ಕೇಳ್ಬೇಕಿತ್ತು. ನಾನು ಹೋದ ದಿನ ನೀನು ಯಾರಿಗೋ ಫೋನಲ್ಲಿ ಹೇಳ್ತಿದ್ದೆ... 'ಆ ಮೂಕ ಗಂಡು ಬಂದಿದ್ದು ಬರೀ ಆಕಸ್ಮಿಕ. ಅದಲ್ಲದಿದ್ರೆ ಇನ್ನೊಂದು ಬಂದೇ ಬರ್ತಿತ್ತು' ಅಂತ. ಯಾರ ಬಗ್ಗೆ?"

ಮಾತು ಕಡಿಮೆಯ ಮಕೋವಾನನ್ನು ಅವಳ ತಂಗಿಯರು ಮೂಕ ಎಂದೇ ರೇಗಿಸುತ್ತಿದ್ದರು. ಅಯ್ಯೋ ದೇವರೇ... ಇಷ್ಟಕ್ಕೇ ಬಿಟ್ಟುಹೋಗಿದ್ದನಾ?

"ಜೀರುಂಡೆ ಬಗ್ಗೆ ಕಣೋ, ಪೆದ್ದ." ಅವಳು ಎದ್ದು ನಿಂತಳು. "ಹಾಡೋ ಗಂಡನ್ನ ಹುಡುಕ್ಕೊಂಡು ನೊಣ ಬರುತ್ತೆ, ಮೈಮೇಲೆ ಮರಿ ಬಿಡುತ್ತೆ. ಮರಿ ಒಳಗಿಂದ ತಿಂದು ಹಾಕುತ್ತೆ. ಯಾವುದೋ ಒಂದು ರೆಕ್ಕೆ ಕೆಟ್ಟು ಹುಟ್ಟಿದ್ದು ಆಕಸ್ಮಿಕ, ಹಾಡಕ್ಕಾಗದೆ ಅದು ಬದುಕ್ಕೊಳ್ತು. ನೊಣ ಇರೋ ಕಡೆ ಇವತ್ತಲ್ಲ ನಾಳೆ ಮೂಕ ಗಂಡು ಬರೋದೇ ಅಂದಿದ್ದೆ."

"ಹಾಗೇ ಇರ್ಬೇಕು ಅನ್ನಿಸ್ತು. ಓವಾಹುನಲ್ಲೂ ಜೀರುಂಡೆಗಳು ಮೂಕವಾಗಿವೆ. ಇಲ್ಲಿಂದ ಹೋದದ್ದಲ್ಲ, ಅಲ್ಲಿನ ರೆಕ್ಕೆ ಬೇರೆ ಥರಾನೇ ಕೆಟ್ಟಿದೆಯಂತೆ. ಅದು ಕೇಳಿದ ತಕ್ಷಣ ವಿಮಾನ ಹತ್ತಿದೆ. ನಿನ್ನ ಬಾಯಿಂದ ಕೇಳ್ಬೇಕಿತ್ತು."

ಆಗಲೇ ಬೇಲಿಯ ಮೂಲೆಯಿಂದ ಒಂದೇ ಒಂದು ಜೀರುಂಡೆ ಹಾಡತೊಡಗಿತು.

ಇಬ್ಬರೂ ಕಲ್ಲಾದರು. ಸುತ್ತಲ ಹುಲ್ಲು ಅಲುಗಿತು. ಮೂಕ ಗಂಡುಗಳೆಲ್ಲ ಆ ದನಿಯತ್ತ ತೆವಳುತ್ತಿದ್ದವು... ಹೆಣ್ಣು ಬರುವುದು ಅಲ್ಲಿಗೇ. ಅವಳ ಪಾದಗಳ ಮೇಲೂ ತಣ್ಣಗೆ ಹಾದುಹೋದವು. ಹಳದಿ ನೊಣವೊಂದು ಅವಳ ಕೆನ್ನೆಯ ಪಕ್ಕದಲ್ಲೇ ಹಾರಿಹೋಯಿತು.

ಹಾಡು ತಟ್ಟನೆ ನಿಂತಿತು.

ನೋಹೆಯಾ ಅವನ ಕೈ ಹಿಡಿದುಕೊಂಡಳು.

"ನಾವು ಸಿಕ್ಕಿದ್ದೂ ಆಕಸ್ಮಿಕಾನಾ?" ಮಕೋವಾ ಪಿಸುಗುಟ್ಟಿದ.

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಹೌದು. ಅವತ್ತು ನಿನ್ನ ಟ್ರಕ್ಕು ನಮ್ಮನೆ ಮುಂದೆ ಕೆಡದಿದ್ರೆ ನೀನ್ಯಾರೋ, ನಾನ್ಯಾರೋ. ಇನ್ನೊಬ್ಬ ಬರ್ತಿದ್ದ, ಮದುವೆನೂ ಆಗ್ತಿತ್ತು." ಅವಳು ಅವನತ್ತ ತಿರುಗಿದಳು. "ಆದ್ರೆ ಅವನು ನೀನಾಗ್ತಿರ್ಲಿಲ್ಲ. ನೀನು ಹೋದ್ಮೇಲೆ ಅದು ಗೊತ್ತಾಯ್ತು."

ಅವನ ತುಟಿಗಳು ಅಲುಗಿದವು. ಇಷ್ಟು ವರ್ಷ ಎದೆಯಲ್ಲೇ ಉಳಿದಿದ್ದ ಮಾತು ಹೊರಬಂತು.

"ನಿನ್ನ ಬಿಟ್ಟು ನಂಗೆ ಇರಕ್ಕಾಗಲ್ಲ, ನೋಹೆಯಾ."

"ಏನಂದೆ? ಕೇಳಿಸ್ಲಿಲ್ಲ."

ಕೇಳಿಸಿತ್ತು.

ಅವನು ನಕ್ಕ. ಈ ಸಲ ಗಟ್ಟಿಯಾಗಿ ಹೇಳಿದ.