ಹೆಚ್ಚಾತು ಅನ್ನಬಾರದ ಹಗೇವು

“ಹಗೇವದಾಗ ಇಳೀರಿ, ನೀರು ತಗೀರಿ, ಸಿಮೆಂಟ್ ಬಡೀರಿ. ಒಳಗ ನಿಂತು ‘ಹೆಚ್ಚಾತು’ ಅಂತ ಮಾತ್ರ ಅನಬ್ಯಾಡ್ರಿ ಮಾಸ್ತರ,” ಅಂದಳು ಬಾಜು ಮನೆಯ ಫಕೀರವ್ವ.

ಶಿಶಿರ ನಕ್ಕ. “ಮತ್ತ ‘ತೀರಿತು’ ಅನ್ನಲೇನು? ನಮ್ಮವ್ವ ನಾಲಿಗಿಗೆ ಬರಿ ಎಳೀತಾಳ!”

ಆ ಸೀಮೆಯೇ ಹಾಗೆ. ಡಬ್ಬಿಯ ಹಿಟ್ಟಿರಲಿ, ಗಿಂಡಿಯ ಎಣ್ಣೆಯಿರಲಿ, ಬರಿದಾದರೆ ‘ತೀರಿತು’ ಎನ್ನುವುದು ಅಪಶಕುನ. ‘ಹೆಚ್ಚಾತು’ ಎನ್ನಬೇಕು.

“ನಗಬ್ಯಾಡ್ರಿ. ಹಿಂದಕ ಬರಗಾಲದಾಗ ಈ ಮನಿ ಒಡತಿ ತುಂಬಿದ ಹಗೇವದ ಮ್ಯಾಲ ನಿಂತು, ಜ್ವಾಳ ಬೇಡಾಕ ಬಂದಾಕಿಗೆ ‘ಹೆಚ್ಚಾತವ್ವಾ’ ಅಂದ್ಲಂತ. ಬಂದಾಕಿ ಮಾಟಗಾರ್ತಿ. ಹಗೇವದ ಬಾಯಾಗ ಉಗುಳಿ, ‘ಹೆಚ್ಚಲಿ’ ಅಂದು ಹೋದ್ಲು.”

“ಉಗುಳಿಗೂ ಔಷಧಿ ತಂದೇನಿ, ವಾಟರ್‌ಪ್ರೂಫ್!”

ಶಲವಡಿಯ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಶಿಶಿರ ಆ ಹಳೇ ಮನೆ ಕೊಂಡಿದ್ದ. ಪಡಸಾಲೆಯ ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮಳೆಗಾಲಕ್ಕೆ ಸುತ್ತಲಿನ ಎರಿಮಣ್ಣು ನೀರು ಕುಡಿದು ಅದರೊಳಗೆ ಒಸರುತ್ತಿತ್ತು. ಆ ಕಮಟು ಮನೆಯೆಲ್ಲ ಹಬ್ಬಿ, ತಾಯಿ ದ್ವಾರಕಾಬಾಯಿಯ ದಮ್ಮು ಏರಿತ್ತು. “ಈ ಹಸಿ ಹೋಗಲಿಲ್ಲಂದ್ರ ನಿಮ್ಮ ತಾಯಿ ಉಳಿಯೂದಿಲ್ಲ,” ಅಂದಿದ್ದರು ಅಣ್ಣಿಗೇರಿಯ ಡಾಕ್ಟರು.

ಭಾನುವಾರ ಮಧ್ಯಾಹ್ನ ಏಣಿ ಇಳಿಸಿ, ವೈರಿಗೆ ಬಲ್ಬು ಕಟ್ಟಿಕೊಂಡು ಇಳಿದ. ಹುಳಿತ ಹಿಟ್ಟು, ಸತ್ತ ಇಲಿ, ತಿಂಗಳು ಒಗೆಯದ ಮುಸುರೆ ಅರಿವೆ, ಎಲ್ಲ ಸೇರಿದ ನಾತ ಗಂಟಲಿಗೇ ಕೂತಿತು. ಗೋಡೆ ಕೆರೆದರೆ ಬೂದುಬಣ್ಣದ ಪದರು ಹಾಲಿನ ಕೆನೆಯಂತೆ ಮಡಚಿಕೊಂಡು ಉಗುರಿನಡಿ ಸೇರುತ್ತಿತ್ತು. ಆದರೂ ಬಿಡಲಿಲ್ಲ. ಕೆರೆದ, ಮೊಗೆದ, ಒರೆಸಿದ.

“ಇನ್ನೂ ನೀರದ ಏನೋ ಶಿಶಿರಾ?” ಮೇಲೆ ಹಗೇವಿನ ಅಂಚಿಗೆ ಕೂತ ತಾಯಿ ಏದುತ್ತ ಕೇಳಿದಳು.

ಕೊನೆಯ ಅರಿವೆ ಹಿಂಡುತ್ತ ಅಂದ, “ಇಲ್ಲವ್ವಾ, ಹೆಚ್ಚಾತು.”

ಯೋಚಿಸಿ ಆಡಿದ್ದಲ್ಲ. ನಲವತ್ತು ವರ್ಷ ಅವಳೇ ಅವನ ನಾಲಿಗೆಗೆ ಕಲಿಸಿದ ಮಾತು.

ಗೋಡೆ ಚಿಳ್ ಎಂದಿತು.

ಒಸರಿದ್ದು ನೀರಲ್ಲ. ಹಳದಿ ಲೋಳೆ. ಆಗತಾನೇ ಯಾರೋ ಉಗುಳಿದಂತೆ ಬೆಚ್ಚಗಿತ್ತು. ಅದರಲ್ಲಿ ಕೊಳೆತ ಜೋಳದ ಕಾಳು ಉಬ್ಬುತ್ತಿದ್ದವು. ಒಡೆಯುತ್ತಿದ್ದವು. ಒಂದೊಂದರಿಂದ ಒಂದೊಂದು ಬಿಳಿ ಹುಳ. ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಏಣಿ ಜಾರಿ ಬಿತ್ತು. ಮುಳುಗಿತು. ಎದೆ. ಗದ್ದ. ತುಟಿಯ ಸಂದಿಯಲ್ಲಿ ಹುಳ ಮಿಸುಕಿತು. ಮಾತಿನಿಂದ ಬಂದದ್ದು ಮಾತಿನಿಂದಲೇ ಹೋಗಬೇಕು! ಕತ್ತೆತ್ತಿ ಚೀರಿದ:

“ತೀರಿತು! ಈ ಮನ್ಯಾಗಿನ ಹಸಿ ಎಲ್ಲಾ ತೀರಿತು!”

ಸದ್ದಡಗಿತು. ಲೋಳೆ ಇಲ್ಲ. ಗೋಡೆ ಸುಟ್ಟ ಸುಣ್ಣದಂತೆ ಒಣಗಿ ನಿಂತಿತ್ತು. ಮೈಮೇಲಿನ ಬೆವರೂ ಇರಲಿಲ್ಲ. ನಗುತ್ತ ಏಣಿ ಎತ್ತಿ ನಿಲ್ಲಿಸಿ ಹತ್ತಿದ.

“ಅವ್ವಾ, ಒಣಗ್ತು ನೋಡು!”

ಚೀರಾಟ ಕೇಳಿ ಓಡಿಬಂದಿದ್ದ ಫಕೀರವ್ವ, ದ್ವಾರಕಾಬಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುತ್ತಿದ್ದಳು. ಉಸಿರಿರಲಿಲ್ಲ. ಮುಖ ಹಪ್ಪಳದಂತೆ ಸುಕ್ಕುಗಟ್ಟಿತ್ತು. ನಾಲಿಗೆ ಒಣಗಿ ಸೀಳಿಹೋಗಿತ್ತು. ಬಿಟ್ಟ ಹನಿಯೆಲ್ಲ ಆ ಸೀಳಿನಲ್ಲಿ ಇಂಗಿ ಹೋಗುತ್ತಿತ್ತು.

“ಒಳಗ ಏನಂದ್ರಿ ಮಾಸ್ತರ?”

ಶಿಶಿರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹಲ್ಲಿನ ಸಂದಿಯಲ್ಲಿ ಒಣಗಿದ ಹುಳವೊಂದು ಸಿಕ್ಕಿತ್ತು. ಅದನ್ನು ಉಗುಳುವುದಕ್ಕೂ ಅವನು ಬಾಯಿ ತೆರೆಯಲಿಲ್ಲ.