ಸಹಿಗೆ ಮೊದಲು ಉಡಿ

“ನಮ್ಮ ಮನಿ ಮಾರಾಕ ನಿಮ್ಮ ಅಪ್ಪಣಿ ಬೇಕೇನ್ರಿ?”

ಅಫಜಲಪುರದ ಬಸ್ ನಿಲ್ದಾಣದೆದುರಿನ ಪುಟ್ಟ ಆಫೀಸಿನ ಬಾಗಿಲಲ್ಲಿ ಗುರುನಾಥ ಗುಡುಗಿದ. ಜೇವರ್ಗಿಯಲ್ಲಿ ಪೈಪಿನ ಅಂಗಡಿ ಇಟ್ಟು ಅಲ್ಲೇ ನೆಲೆನಿಂತವನು. ತಂದೆ ತೀರಿದ ಮೇಲೆ ಊರಲ್ಲಿ ಉಳಿದಿದ್ದ ಅಜ್ಜನ ಕಾಲದ ಮನೆ ಮಾರಿಕೊಡಿರೆಂದು, ಮನೆ ಮಾರಾಟ ಕುದುರಿಸುವ ಮಹಾನಂದಾಳಿಗೆ ಫೋನಿನಲ್ಲೇ ಒಪ್ಪಿಸಿದ್ದ. ಮುಖಾಮುಖಿ ಇದೇ ಮೊದಲು.

ಬಸವಣ್ಣನ ಪಟಕ್ಕೆ ಹೂವೇರಿಸುತ್ತಿದ್ದ ಮಹಾನಂದಾ ತಿರುಗಿದಳು. ‘ಎಂಥ ಕಣ್ಣು... ಎಂಥ ಸಿಟ್ಟು!’ ತಂಬಿಗೆ ತುಂಬಿ ಮುಂದಿಟ್ಟಳು.

“ಮದ್ಲ ಕುಂದರ್ರಿ. ನೀರು ಕುಡೀರಿ.”

“ನೀರು ಬ್ಯಾಡ. ಗೌಸಮೊಹಿದ್ದೀನ ಭಾಯಿಗೆ ಮನಿ ಮನಸಿಗೆ ಬಂದದ. ನೀವ್ಯಾಕ ತಡದೀರಿ? ಇನ್ನೊಂದು ಗಿರಾಕಿ ಹುಡುಕಾಕತ್ತೀರಿ, ಹೌದಿಲ್ಲೋ?”

ಮಾತು ಮುಳ್ಳಿನಂತೆ ಚುಚ್ಚಿತು. ಮನೆ ಕೊಳ್ಳುವವರು, ಮಾರುವವರು ದಲ್ಲಾಳಿಗಳ ಹಿಂದೆ ಅಲೆದು ಬಸವಳಿಯುವುದನ್ನು ಕಂಡೇ ಅವಳು ಈ ಕೆಲಸಕ್ಕೆ ಕೈಹಾಕಿದ್ದಳು. ಎರಡೂ ಕಡೆಯವರನ್ನು, ಹಕ್ಕುಳ್ಳ ಮನೆಮಂದಿಯನ್ನು ಒಂದೇ ಚಾಪೆಯ ಮೇಲೆ ಕೂಡಿಸಿ ಮಾತು ಮುಗಿಸಬೇಕು, ಆಮೇಲೆ ಒಂದೇ ಸಲ ರಿಜಿಸ್ಟ್ರಿ... ಅದು ಅವಳ ಪದ್ಧತಿ. ಆ ಹೆಸರಿಗೇ ಮಸಿ!

“ಮನಿ ಹಳೇ ಕಾಗದದಾಗ ಹೆಸರದ... ಮಾದನಹಿಪ್ಪರಗಾದ ನಿಂಬೆವ್ವ ನಿಮಗೇನಾಗಬೇಕ್ರಿ?”

ಗುರುನಾಥನ ಮುಖ ಬಿಳಿಚಿತು. “ಅತ್ತಿ... ನಮ್ಮಪ್ಪನ ತಂಗಿ.”

“ಅಂದ್ರ ಆ ಮನಿ ಮಗಳು. ಆಕಿನ್ನ ಕರದೀರೇನು?”

“ಅಪ್ಪಗೂ ಆಕಿಗೂ ಮಾತು ಬಿಟ್ಟಿತ್ತು. ಈಗ ಕರದ್ರ ಪಾಲು ಕೇಳ್ತಾಳ, ಮಾರಾಟ ನಿಲ್ತದ!”

“ಹಕ್ಕದ, ಕೇಳಲಿ. ಆಕಿ ಸಹಿ ಇಲ್ಲದ ಖರೀದಿ ಮಾಡಿದ್ರ ನಾಳೆ ಗೌಸ್ ಭಾಯಿ ಕೋರ್ಟಿಗೆ ತಿರಗಬೇಕು. ಅಂಥ ಕೆಲಸ ನನ್ನ ಕೈಯಿಂದ ಆಗೂದಿಲ್ರಿ.”

“ಬ್ಯಾರೆ ದಲ್ಲಾಳಿ ಅದಾರ ಬಿಡ್ರಿ!” ಎಂದು ಬೈಕ್ ಏರಿ ಹೋದ.

ಮಹಾನಂದಾಳ ಕಣ್ಣು ತುಂಬಿದವು. ‘ಬಸವಾ... ನನ್ನ ನಿಯತ್ತು ನಿನಗ ಗೊತ್ತದ.’

ಮರುದಿನ ತಾನೇ ನಿಂಬೆವ್ವನನ್ನು ಕರೆಯಲು ಮಾದನಹಿಪ್ಪರಗಾದ ಬಸ್ ಹತ್ತಿದಳು. ಹೋಗಿ ನೋಡಿದರೆ... ನಿಂಬೆವ್ವನ ಕಟ್ಟೆಯ ಮೇಲೆ ಗುರುನಾಥ! ಮಡಿಲಲ್ಲಿ ತೆಂಗಿನಕಾಯಿ, ಕುಪ್ಪಸದ ಬಟ್ಟೆ.

“ನೀವಾ?”

“ನಿಮ್ಮ ಮಾತು ನಿದ್ದಿ ಕೊಡಲಿಲ್ರಿ...” ಅವನ ತಲೆ ತಗ್ಗಿತು. “ಬಂದೇನಿ ಖರೆ, ಒಳಗ ಹೋಗಾಕ ಧೈರ್ಯ ಆಗವಲ್ದು.”

ಅಡುಗೆಮನೆಯಿಂದ ನಿಂಬೆವ್ವನ ದನಿ ಬಂತು. “ಯಾಂವಲೇ ಅಂವ, ಆಗಿಂದ ಕಟ್ಟಿ ಬಿಸಿ ಮಾಡಾಕತ್ತಾನ? ಒಳಗ ಬಾ, ರೊಟ್ಟಿ ಆರ್ತಾವ!”

ಗುರುನಾಥ ಓಡಿಹೋಗಿ ಅತ್ತೆಯ ಪಾದ ಹಿಡಿದ. “ತಪ್ಪಾತು ಅತ್ತಿ... ನಿನಗ ಹೇಳದ ಮನಿ ಮಾರಾಕ ಹೊಂಟಿದ್ದೆ.”

“ಪಾಲಿಗೆ ಅಂಜಿದ್ಯಾ ಹುಚ್ಚಪ್ಪಾ? ಪಾಲು ತಗೊಂತೇನಿ, ಬಿಡೂದಿಲ್ಲ!” ನಿಂಬೆವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಆದ್ರ ಸಹಿಗಿಂತ ಮದ್ಲ ತವರ್ಮನ್ಯಾಗ ನನ್ನ ಉಡಿ ತುಂಬಬೇಕು.”

ಮುಂದಿನ ಸೋಮವಾರ ಹಳೆಯ ಮನೆಯ ಪಡಸಾಲೆಯಲ್ಲಿ ಮಹಾನಂದಾ ಚಾಪೆ ಹಾಸಿದಳು. ಗೌಸಮೊಹಿದ್ದೀನನ ಹೆಂಡತಿ ಜಸ್ಮೀನಳೇ ನಿಂಬೆವ್ವನ ಮಡಿಲಿಗೆ ಹಾಕಲು ಅಕ್ಕಿ, ಕಾಯಿ ಹಿಡಿದು ಮುಂದೆ ಬಂದಳು.

“ಉಡಿ ನಾ ತುಂಬ್ತೇನ್ರಿ ಅವ್ವಾ. ಮನಿ ನಾವು ತಗೊಂಡ್ರೂ ತವರ ನಿಮ್ದೇ. ವರ್ಷಾ ನಾಗರ ಪಂಚಮಿಗೆ ಬರ್ರಿ.”

ನಿಂಬೆವ್ವ ಅವಳನ್ನು ತಬ್ಬಿಕೊಂಡಳು. ಮಧ್ಯಾಹ್ನದೊಳಗೆ ರಿಜಿಸ್ಟ್ರಿಯೂ ಮುಗಿಯಿತು. ಒಂದು ಜಗಳವಿಲ್ಲ, ಇನ್ನೊಂದು ತಿರುಗಾಟವಿಲ್ಲ!

“ಮನಿ ಖರೀದಿ ಇಷ್ಟು ಹಗೂರ ಇರ್ತದೇನ್ರಿ?” ಎಂದು ಗೌಸ್ ಭಾಯಿ ಬೆರಗಾದ.

“ಅದು ಇವರ ನಿಯತ್ತು, ಭಾಯಿ. ಇಂಥವರಿಗೆ ಇಲ್ಲದ್ದು ಆಡಿದ್ದೆ ನಾನು.” ಗುರುನಾಥ ಎಲ್ಲರೆದುರು ಕೈಮುಗಿದ.

ಮಹಾನಂದಾ ಹೆಮ್ಮೆಯಿಂದ ಕಾಗದಪತ್ರ ಜೋಡಿಸತೊಡಗಿದಳು.

ಉಳಿದವರು ಚಹಾಕ್ಕೆ ಹೋದ ಮೇಲೆ ಗುರುನಾಥ ಮೆಲ್ಲಗೆ ಅವಳ ಬಳಿ ಬಂದ.

“ಅವತ್ತ ಆಫೀಸಿನ್ಯಾಗ ನಾ ಅಂದದ್ದು ಮರತೀರೇನು?”

“ಇಲ್ಲ.”

“ಮರೀಬ್ಯಾಡ್ರಿ. ಜಲ್ಮ ಪೂರ್ತಿ ನನಗ ಚುಚ್ಚಾಕ ಬೇಕಾಗ್ತದ.”

“ಜಲ್ಮ ಪೂರ್ತಿ...?” ಅವಳು ಕಾಗದ ಕೆಳಗಿಟ್ಟಳು.

“ಅವತ್ತಿನಿಂದ ಮನಸಿನ್ಯಾಗ ನೀವೇ ಅದೀರಿ. ನನ್ನ ಮದಿವಿ ಆಗ್ತೀರೇನ್ರಿ, ಮಹಾನಂದಾ?”

ಅವಳು ತಲೆಯೆತ್ತಿ ನೇರವಾಗಿ ನೋಡಿದಳು. “ನನ್ನ ಆಫೀಸ ನಾ ಬಿಡೂದಿಲ್ಲ.”

“ಬಿಡ್ರಿ ಅಂದ್ರ ಅತ್ತಿ ನನ್ನ ಬಿಡೂದಿಲ್ಲ!”

ಮಹಾನಂದಾ ನಕ್ಕುಬಿಟ್ಟಳು. “ಹಂಗಾದ್ರ... ಆಗ್ತೇನ್ರಿ.”